ಹಳೆ ಮಿನಿ ಟ್ರ್ಯಾಕ್ಟರ್ ಟೈ ರಾಡ್ ಸವೆದಿದೆ: ವೆಲ್ಡ್ ಮಾಡಿಸಲಾ, ಬದಲಾಯಿಸಲಾ?

ಕೋಣಂದೂರು ತೋಟ:
ತೋಟಕ್ಕೆ ಅಂತ ಸೆಕೆಂಡ್ ಹ್ಯಾಂಡ್ ತಗೊಂಡ ಮಿನಿ ಟ್ರ್ಯಾಕ್ಟರ್ ಇದೆ. 18 ಎಚ್‌ಪಿ ಆಸುಪಾಸಿನದು, ಟೂ ವೀಲ್ ಡ್ರೈವ್, ಪವರ್ ಸ್ಟೀರಿಂಗ್ ಇಲ್ಲ. ಅಡಿಕೆ ಸಾಲಿನ ಮಧ್ಯೆ ಆರಾಮಾಗಿ ತಿರುಗುತ್ತದೆ, ಅದಕ್ಕೇ ಇದನ್ನು ಬಿಡಲು ಮನಸ್ಸಿಲ್ಲ. ಸ್ಟೀರಿಂಗ್ ಮಾತ್ರ ಒಂದು ವರ್ಷದಿಂದ ಸಡಿಲವಾಗುತ್ತಾ ಬಂದಿತ್ತು. ಹಳೆ ಗಾಡಿ ಅಲ್ವಾ, ಇರಲಿ ಅಂತ ಸುಮ್ಮನಿದ್ದೆ.

ಮೊನ್ನೆ ಸೊಪ್ಪಿನ ಬೆಟ್ಟದಿಂದ ದರಗು ತುಂಬಿಕೊಂಡು ಇಳಿಯುತ್ತಿದ್ದೆ. ಸಂಕದ ಹತ್ತಿರ ಬಲಗಡೆ ಮುಂದಿನ ಚಕ್ರ ತನ್ನಷ್ಟಕ್ಕೆ ಹೊರಗೆ ತಿರುಗಿತು. ನಾನು ಎಡಕ್ಕೆ ಎಳೆಯುತ್ತಿದ್ದೇನೆ, ಅದು ಬಲಕ್ಕೆ ಹೋಗುತ್ತಿದೆ. ಕೊನೆಗೆ ತೋಟದ ಕಪ್ಪಿಗೆ, ಅಂದರೆ ನೀರು ಬಸಿಯುವ ಕಾಲುವೆಗೆ, ಇಳಿದು ನಿಂತಿತು. ನನಗೆ ಏನೂ ಆಗಲಿಲ್ಲ, ಒಂದು ಅಡಿಕೆ ಸಸಿ ಹೋಯಿತು. ಇಳಿದು ನೋಡಿದರೆ ಮುಂದಿನ ಎರಡು ಚಕ್ರಗಳನ್ನು ಜೋಡಿಸುವ ಟೈ ರಾಡಿನ ಬಲ ತುದಿಯ ಬಾಲ್ ಜಾಯಿಂಟ್ ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಟಕಟಕ ಅನ್ನುತ್ತದೆ. ರಬ್ಬರ್ ಬೂಟ್ ಇದ್ದ ಜಾಗದಲ್ಲಿ ಕೆಂಪು ಮಣ್ಣು ಮಾತ್ರ ಇದೆ.

ಊರಿನ ವೆಲ್ಡಿಂಗ್ ಶಾಪಿನವರು ಬಾಲ್ ಸುತ್ತ ಒಂದು ರಿಂಗ್ ಕೂರಿಸಿ ವೆಲ್ಡ್ ಹೊಡೆದು ಕೊಡುತ್ತೇನೆ ಅಂದರು. ಮೃಗಶಿರಾ ಮಳೆ ಹಿಡಿಯುವುದರೊಳಗೆ ಗೊಬ್ಬರ ಸಾಗಿಸಿ ಮುಗಿಸಬೇಕು. ಏನು ಮಾಡಲಿ?

ಹಳೆ ಸ್ಪ್ಯಾನರ್:
ಮೊದಲು ಒಂದು ಮಾತು. ಜಾಯಿಂಟ್ ಕಳಚಿ ಬೀಳುವ ಹಂತಕ್ಕೆ ಬಂದಿದೆ. ಗಾಡಿಯನ್ನು ಅಂಗಳ ದಾಟಿಸಬೇಡಿ. ಗೊಬ್ಬರ ನಾಲ್ಕು ದಿನ ತಡವಾದರೆ ಆಗಲಿ.

ಎರಡನೆಯದು. ಬಲ ತುದಿ ಹೋಗಿದೆ ಅಂತ ಕಣ್ಣಿಗೆ ಕಂಡಿತು, ಸರಿ. ಆದರೆ ಬರೀ ಒಂದೇ ಜಾಯಿಂಟ್ ಸವೆದು ಉಳಿದದ್ದೆಲ್ಲ ಹೊಸದರ ಹಾಗೆ ಇದ್ದ ಗಾಡಿಯನ್ನು ನಾನು ನೋಡಿಲ್ಲ. ಸ್ಟೀರಿಂಗ್ ಚಕ್ರದಿಂದ ಟೈರಿನ ತನಕ ಎಲ್ಲೆಲ್ಲಿ ಲೂಸು ಸೇರಿಕೊಂಡಿದೆ ಅಂತ ಮೊದಲು ಹುಡುಕಿ. ಖರ್ಚು ಆಮೇಲೆ.

ಹುಡುಕಲು ಇಬ್ಬರು ಬೇಕು. ಎಂಜಿನ್ ಆಫ್, ಗಾಡಿ ಸಮನಾದ ಜಾಗದಲ್ಲಿ, ಟೈರುಗಳು ನೆಲದ ಮೇಲೇ ಇರಲಿ. ಒಬ್ಬರು ಸೀಟಿನಲ್ಲಿ ಕೂತು ಸ್ಟೀರಿಂಗನ್ನು ಎಡ ಬಲ ಸ್ವಲ್ಪ ಸ್ವಲ್ಪ ಅಲ್ಲಾಡಿಸುತ್ತಾ ಇರಬೇಕು. ಜೋರಾಗಿ ಬೇಡ, ತೊಟ್ಟಿಲು ತೂಗಿದ ಹಾಗೆ. ಇನ್ನೊಬ್ಬರು ಒಂದೊಂದು ಜಾಯಿಂಟಿನ ಮೇಲೂ ಅಂಗೈ ಇಟ್ಟು ನೋಡಬೇಕು. ಬೆರಳಿನ ಅರ್ಧ ರಾಡಿನ ಮೇಲೆ, ಅರ್ಧ ಆ ರಾಡ್ ಸೇರುವ ಆರ್ಮ್ ಮೇಲೆ. ಎರಡೂ ಒಟ್ಟಿಗೆ ಚಲಿಸಿದರೆ ಜಾಯಿಂಟ್ ಚೆನ್ನಾಗಿದೆ. ಒಂದು ಮೊದಲು, ಇನ್ನೊಂದು ಆಮೇಲೆ ಚಲಿಸಿದರೆ ಅಲ್ಲಿ ಪ್ಲೇ, ಅಂದರೆ ಲೂಸು, ಇದೆ. ಕಣ್ಣಿಗೆ ಕಾಣದ ಪ್ಲೇ ಕೈಗೆ ಸಿಗುತ್ತದೆ.

ಮೇಲಿನಿಂದ ಶುರು ಮಾಡಿ. ಸ್ಟೀರಿಂಗ್ ಬಾಕ್ಸ್ ಚಾಸಿಗೆ ಕೂರುವ ಬೋಲ್ಟುಗಳು, ಬಾಕ್ಸಿನಿಂದ ಹೊರಬರುವ ಶಾಫ್ಟಿಗೆ ಡ್ರಾಪ್ ಆರ್ಮ್ ಕೂತಿರುವ ಜಾಗ, ಆ ಆರ್ಮಿನಿಂದ ಚಕ್ರದ ಕಡೆ ಹೋಗುವ ರಾಡ್ ಅಂದರೆ ಡ್ರ್ಯಾಗ್ ಲಿಂಕಿನ ಎರಡು ತುದಿ, ಟೈ ರಾಡಿನ ಎರಡು ತುದಿ. ಆಮೇಲೆ ಮುಂದಿನ ಆಕ್ಸಲ್ ಅಡಿಗೆ ಜ್ಯಾಕ್ ಕೊಟ್ಟು ಚಕ್ರ ಎತ್ತಿ. ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಅಲ್ಲಾಡಿದರೆ ಕಿಂಗ್ ಪಿನ್ (ಚಕ್ರ ಎಡ ಬಲ ತಿರುಗುವ ಪಿನ್) ಬುಷ್ ಅಥವಾ ಹಬ್ ಬೇರಿಂಗ್. ಯಾವುದು ಅಂತ ಗೊತ್ತಾಗಬೇಕಾದರೆ ಚಕ್ರ ಕೂತಿರುವ ಸ್ಟಬ್ ಆಕ್ಸಲ್ ಮೇಲೆ ಕಣ್ಣಿಡಿ. ಸ್ಟಬ್ಬೂ ಸೇರಿ ಅಲ್ಲಾಡಿದರೆ ಕಿಂಗ್ ಪಿನ್, ಚಕ್ರ ಮಾತ್ರ ಅಲ್ಲಾಡಿದರೆ ಬೇರಿಂಗ್. ಎಡ ಬಲಕ್ಕೆ ಕೈ ಹಿಡಿದು ಅಲ್ಲಾಡಿಸಿದಾಗ ಬರುವ ಪ್ಲೇ ಬಹುಪಾಲು ಟೈ ರಾಡಿನದು. ಆಕ್ಸಲ್ ಮಧ್ಯದ ಪಿವೋಟ್ ಪಿನ್ನನ್ನೂ ಒಂದು ಕಬ್ಬಿಣದ ಹಾರೆ ಹಾಕಿ ಎತ್ತಿ ನೋಡಿ.

ಎಲ್ಲಾ ಬರೆದುಕೊಂಡು ಬನ್ನಿ, ಆಮೇಲೆ ಮಾತಾಡೋಣ.

ಹುಂಚದ ಕಡೆಯವ:
ಇಷ್ಟೆಲ್ಲಾ ತಲೆಕೆಡಿಸಿಕೊಳ್ಳುವುದೇಕೆ? ನಾನು ಟಿಲ್ಲರ್ ಟ್ರೈಲರಿನ ಕೊಂಡಿ, ಟ್ರ್ಯಾಕ್ಟರಿನ ಬಾಲ್ ಜಾಯಿಂಟ್ ಎಲ್ಲಾ ವೆಲ್ಡ್ ಹೊಡೆಸಿದ್ದೇನೆ. ಮೂರು ಮಳೆಗಾಲ ಆಯಿತು, ಏನೂ ಆಗಿಲ್ಲ. ತೋಟದೊಳಗೆ ಓಡುವ ಗಾಡಿ ಮಾರಾಯ್ರೆ, ಹೈವೇಲಿ ಓಡೋದಲ್ಲ.

ಭದ್ರಾವತಿ ಕಬ್ಬಿಣ:
ಕೊಂಡಿಗೆ ವೆಲ್ಡ್ ಹೊಡೆಸಿದ್ದು ಸರಿ. ಅದು ಮೈಲ್ಡ್ ಸ್ಟೀಲ್, ಕಾರ್ಬನ್ ಕಡಿಮೆ, ವೆಲ್ಡ್ ಸಲೀಸಾಗಿ ಹಿಡಿಯುತ್ತದೆ. ಬಾಲ್ ಸ್ಟಡ್ ಹಾಗಲ್ಲ. ಅದು ಅಲಾಯ್ ಸ್ಟೀಲನ್ನು ಬಿಸಿ ಮಾಡಿ, ತಣಿಸಿ, ಗಟ್ಟಿ ಮಾಡಿದ್ದು. ಟೈ ರಾಡ್ ಕೂಡ ಸಾಮಾನ್ಯವಾಗಿ ಮೀಡಿಯಂ ಕಾರ್ಬನ್ ಉಕ್ಕು. ಇಎನ್ 8 ಅಂತ ಲೇತಿನವರು ಹೇಳುವ ಸರಳಿನಲ್ಲಿ ಕಾರ್ಬನ್ ಶೇಕಡಾ 0.4ರ ಹತ್ತಿರ ಇರುತ್ತದೆ.

ಅಂಥ ಉಕ್ಕಿಗೆ ಮುಂಚೆ ಬಿಸಿ ಕೊಡದೆ ವೆಲ್ಡಿಂಗ್ ರಾಡ್ ಹಚ್ಚಿ ವೆಲ್ಡ್ ಎಳೆದರೆ ಏನಾಗುತ್ತದೆ ಗೊತ್ತಾ? ವೆಲ್ಡ್ ಗಟ್ಟಿಯಾಗೇ ನಿಲ್ಲುತ್ತದೆ. ಅದರ ಪಕ್ಕದ ಒಂದೆರಡು ಮಿಲಿಮೀಟರ್ ಜಾಗ ಕೆಂಪಗೆ ಕಾಯ್ದು ಥಟ್ಟನೆ ತಣ್ಣಗಾಗುತ್ತದೆ. ಸುತ್ತಲ ತಣ್ಣನೆ ಕಬ್ಬಿಣ ಶಾಖವನ್ನು ಹೀರಿಕೊಳ್ಳುತ್ತದೆ ನೋಡಿ, ಅದಕ್ಕೆ. ಆ ಜಾಗ ಗಾಜಿನ ಹಾಗೆ ಗಟ್ಟಿ, ಗಾಜಿನ ಹಾಗೆ ಪೆಡಸು. ಬಗ್ಗುವುದಿಲ್ಲ, ಒಡೆಯುತ್ತದೆ. ಸವೆದ ಜಾಯಿಂಟಾದರೆ ತಿಂಗಳುಗಟ್ಟಲೆ ಟಕಟಕ ಅಂತ ಹೇಳಿ ಹೋಗುತ್ತದೆ. ಇದು ಹೇಳದೆ ಹೋಗುತ್ತದೆ.

ನಮ್ಮೂರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಗಿದ್ದು 1923ರಲ್ಲಿ. ಇಲ್ಲಿ ಹುಟ್ಟಿದವರಿಗೆ ಈ ವಿಷಯ ಅಜ್ಜನ ಕಾಲದಿಂದ ಗೊತ್ತು. ಸ್ವಲ್ಪ ಜಂಬ ಅಂದುಕೊಂಡರೂ ಪರವಾಗಿಲ್ಲ.

ಇನ್ನೊಂದು. ಬಾಲ್ ಜಾಯಿಂಟಿಗೆ ರಿಂಗ್ ಕೂರಿಸಿ ವೆಲ್ಡ್ ಮಾಡಿದರೆ ಒಳಗಿನ ಗ್ರೀಸ್, ಪ್ಲಾಸ್ಟಿಕ್ ಕಪ್ ಎಲ್ಲಾ ಸುಟ್ಟು ಹೋಗುತ್ತದೆ. ಪ್ಲೇ ಹೋದ ಹಾಗೆ ಕಾಣುವುದು ಅದು ಬಿಗಿದು ಕೂತಿದ್ದಕ್ಕೆ. ತಿರುಗಬೇಕಾದ ಬಾಲ್ ತಿರುಗದಿದ್ದರೆ ಬಲವೆಲ್ಲಾ ಸ್ಟಡ್ಡಿನ ಕುತ್ತಿಗೆಗೆ ಬೀಳುತ್ತದೆ.

ಹುಂಚದ ಕಡೆಯವ:
ಸರಿ, ಉಕ್ಕಿನ ವಿಷಯ ನಿಮಗೆ ಗೊತ್ತು. ಆದರೆ ಪಾರ್ಟ್ ಸಿಗದೆ ಹದಿನೈದು ದಿನ ಗಾಡಿ ನಿಂತರೆ ಆಳಿನ ಲೆಕ್ಕ ಕೊಡುವವರು ಯಾರು? ಅದನ್ನೂ ಹೇಳಿ.

ಭದ್ರಾವತಿ ಕಬ್ಬಿಣ:
ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಒಪ್ಪಿಕೊಂಡೆ.

ಕೋಣಂದೂರು ತೋಟ:
ಮಗನನ್ನು ಸೀಟಿನಲ್ಲಿ ಕೂರಿಸಿ ಹಳೆ ಸ್ಪ್ಯಾನರ್ ಅವರು ಹೇಳಿದ ಹಾಗೆ ಮಾಡಿದೆ. ಸಿಕ್ಕಿದ್ದು ಇಷ್ಟು.

ಸ್ಟೀರಿಂಗ್ ರಿಮ್ ಹತ್ತಿರ ಅಳೆದರೆ ಚಕ್ರ ತಿರುಗುವ ಮೊದಲು 5 ಅಂಗುಲ ಸುಮ್ಮನೆ ತಿರುಗುತ್ತದೆ. ಟೈ ರಾಡಿನ ಬಲ ತುದಿ ಪೂರ್ತಿ ಹೋಗಿದೆ, ಎಡ ತುದಿಯಲ್ಲೂ ಪ್ಲೇ ಇದೆ. ಡ್ರ್ಯಾಗ್ ಲಿಂಕಿನ ಮುಂದಿನ ತುದಿ ಸ್ವಲ್ಪ, ಹಿಂದಿನ ತುದಿ ಚೆನ್ನಾಗಿದೆ. ಎಡ ಕಿಂಗ್ ಪಿನ್ ಕೂದಲೆಳೆಯಷ್ಟು. ಬಲ ಗಟ್ಟಿ ಇದೆ. ಹಬ್ ಬೇರಿಂಗ್ ಎರಡೂ ಸರಿ.

ಆಶ್ಚರ್ಯ ಆಗಿದ್ದು ಡ್ರಾಪ್ ಆರ್ಮ್ ಹತ್ತಿರ. ಅಲ್ಲಿ ಕೈ ಇಟ್ಟಾಗ ಶಾಫ್ಟ್ ಮೊದಲು ತಿರುಗುತ್ತದೆ, ಆರ್ಮ್ ಆಮೇಲೆ ಬರುತ್ತದೆ. ಇಷ್ಟು ವರ್ಷ ಅಲ್ಲಿ ನೋಡಿಯೇ ಇರಲಿಲ್ಲ. ಅರ್ಧ ಇಂಚು ದಪ್ಪ ಗ್ರೀಸು ಮಣ್ಣು ಮೆತ್ತಿಕೊಂಡಿತ್ತು.

ಹಳೆ ಸ್ಪ್ಯಾನರ್:
ನೋಡಿ, ನಿಮ್ಮ 5 ಅಂಗುಲದಲ್ಲಿ ದೊಡ್ಡ ಪಾಲು ಅಲ್ಲೇ ಇರಬಹುದು. ಡ್ರಾಪ್ ಆರ್ಮ್ ಒಳಗೆ ಹಲ್ಲುಗಳಿರುತ್ತವೆ, ಸ್ಪ್ಲೈನ್ ಅನ್ನುತ್ತಾರೆ. ಅದನ್ನು ಬಿಗಿ ಹಿಡಿದಿರುವುದು ಒಂದು ದೊಡ್ಡ ನಟ್. ಅದು ಸಡಿಲವಾದರೆ ಹಲ್ಲು ಹಲ್ಲಿಗೆ ತಾಗಿ ತಾಗಿ ಸವೆಯುತ್ತದೆ. ಶಾಫ್ಟಿಗೂ ಆರ್ಮಿಗೂ ಒಂದೇ ಗೆರೆಯಲ್ಲಿ ಪಂಚ್ ಮಾರ್ಕ್ ಇದೆಯಾ ನೋಡಿ, ಇಲ್ಲದಿದ್ದರೆ ನೀವೇ ಹೊಡೆಯಿರಿ. ಆಮೇಲೆ ನಟ್ ಬಿಗಿ ಮಾಡಿ. ಪ್ಲೇ ಪೂರ್ತಿ ಹೋದರೆ ನಿಮ್ಮ ಪುಣ್ಯ. ಹೋಗದಿದ್ದರೆ ಆರ್ಮ್ ಬಿಚ್ಚಿ ಹಲ್ಲು ನೋಡಬೇಕು. ಮಾರ್ಕ್ ಇಲ್ಲದೆ ಬಿಚ್ಚಿದರೆ ಒಂದು ಹಲ್ಲು ಆಚೀಚೆ ಕೂತು, ಸ್ಟೀರಿಂಗ್ ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ ತಿರುಗುತ್ತದೆ.

ಪ್ಲೇ ಇದೆ ಅಂತ ಸ್ಟೀರಿಂಗ್ ಬಾಕ್ಸ್ ಮೇಲಿನ ಅಡ್ಜಸ್ಟಿಂಗ್ ಸ್ಕ್ರೂಗೆ ಮಾತ್ರ ಈಗಲೇ ಕೈ ಹಾಕಬೇಡಿ. ಬಾಕ್ಸಿನ ಗೇರು ನೇರ ಹೋಗುವ ಜಾಗದಲ್ಲಿ ಹೆಚ್ಚು ಸವೆದಿರುತ್ತದೆ, ತುದಿಗಳಲ್ಲಿ ಕಡಿಮೆ. ಮಧ್ಯದ ಪ್ಲೇ ತೆಗೆಯಲು ಬಿಗಿದರೆ, ಪೂರ್ತಿ ತಿರುಗಿಸಿದಾಗ ಕಚ್ಚಿಕೊಳ್ಳುತ್ತದೆ. ಎಲ್ಲಾ ಜಾಯಿಂಟ್ ಸರಿಯಾದ ಮೇಲೂ ಪ್ಲೇ ಉಳಿದರೆ ಆಗ ಯೋಚನೆ ಮಾಡಿ.

ಟೈ ರಾಡಿನ ಎರಡೂ ತುದಿ, ಡ್ರ್ಯಾಗ್ ಲಿಂಕಿನ ಮುಂದಿನ ತುದಿ ಬದಲಾಯಿಸಲೇಬೇಕು. ನನ್ನ ಗಾಡಿಯಾಗಿದ್ದರೆ ನಾಲ್ಕೂ ಬದಲಾಯಿಸುತ್ತಿದ್ದೆ. ಕಿಂಗ್ ಪಿನ್ ಅಡಿಕೆ ಕೊಯ್ಲು ಮುಗಿಯುವ ತನಕ ಗ್ರೀಸು ತಿನ್ನುತ್ತಾ ಓಡುತ್ತದೆ.

ರಿಪ್ಪನ್‌ಪೇಟೆ ಅಡಿಕೆಯವಳು:
ನಮ್ಮನೆ ಗಾಡಿ ಓಡಿಸುವುದೂ ನಾನೇ, ಗ್ರೀಸ್ ಹೊಡೆಯುವುದೂ ನಾನೇ, ಹಾಗಾಗಿ ಒಂದು ಮಾತು. ಜಾಯಿಂಟ್ ಕೆಡುವುದು ಸವೆದು ಅಲ್ಲ, ಬೂಟ್ ಹರಿದು. ನಮ್ಮ ಕೆಂಪು ಮಣ್ಣು ನೀರು ಕುಡಿದರೆ ಅರೆಯುವ ಪೇಸ್ಟ್ ಇದ್ದ ಹಾಗೆ. ಬೂಟ್ ಹರಿದ ಮೇಲೆ ಒಂದೇ ಮಳೆಗಾಲ ಸಾಕು. ಆಗುಂಬೆ ಹುಲಿಕಲ್ ಕಡೆಯವರಿಗೆ ಅಷ್ಟೂ ಬೇಡ.

ಬೂಟನ್ನು ಹರಿಯುವುದು ಯಾರು? ಎಷ್ಟೋ ಸಲ ನಾವೇ. ಗ್ರೀಸ್ ಗನ್ ಹಾಕಿ ಉಬ್ಬುವ ತನಕ ಒತ್ತುತ್ತೇವೆ, ಅದು ಒಡೆಯುತ್ತದೆ. ಬೂಟ್ ಸ್ವಲ್ಪ ತುಂಬಿಕೊಂಡಿತು ಅಂದ ತಕ್ಷಣ ನಿಲ್ಲಿಸಬೇಕು. ಇನ್ನು ಕೆಲವು ಜಾಯಿಂಟಿಗೆ ನಿಪ್ಪಲ್ಲೇ ಇರುವುದಿಲ್ಲ, ಸೀಲ್ ಮಾಡಿದ್ದು. ಅಂಗಡಿಯಲ್ಲಿ ಎರಡೂ ಇದ್ದರೆ ನಿಪ್ಪಲ್ ಇರುವುದನ್ನೇ ಕೇಳಿ ತಗೊಳ್ಳಿ. ಕೆಸರಿನಲ್ಲಿ ಓಡಿಸಿದ ದಿನ ಗಾಡಿ ತೊಳೆದ ಮೇಲೆ ಎರಡು ಪಂಪ್. ಒಳಗೆ ಸೇರಿದ ನೀರನ್ನು ಹೊಸ ಗ್ರೀಸು ಹೊರಗೆ ತಳ್ಳುತ್ತದೆ.

ಪ್ರೆಶರ್ ವಾಷರ್ ಇರುವವರು ಅದರ ಬಾಯಿಯನ್ನು ಬೂಟಿಗೆ ಹಿಡಿಯಬೇಡಿ. ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದು.

ಕೋಣಂದೂರು ತೋಟ:
ಡ್ರಾಪ್ ಆರ್ಮ್ ನಟ್ ಹತ್ತಿರ ಹತ್ತಿರ ಒಂದು ಸುತ್ತು ಬಿಗಿಯಾಯಿತು! ಹಿಡಿ ಉದ್ದ ಮಾಡಲು ಪೈಪ್ ಹಾಕಿ ಎಳೆದೆ. ರಿಮ್ ಹತ್ತಿರದ ಪ್ಲೇ 5 ಅಂಗುಲದಿಂದ 3ಕ್ಕೆ ಬಂತು. ಇನ್ನೂ ಒಂದು ಪಾರ್ಟೂ ತಂದಿಲ್ಲ.

ಈಗ ಹೊಸ ತಲೆನೋವು. ಟೈ ರಾಡಿನ ಜಾಯಿಂಟ್ ಬಿಚ್ಚಲು ಹೋದರೆ ಎಡಗಡೆಯದು ನಟ್ ಬಂತು, ಜಾಯಿಂಟ್ ಆರ್ಮಿನಿಂದ ಹೊರಗೆ ಬರುತ್ತಿಲ್ಲ. ಸುತ್ತಿಗೆಯಲ್ಲಿ ಸ್ಟಡ್ಡಿನ ತಲೆಗೆ ಹೊಡೆದೆ, ಥ್ರೆಡ್ ಜಜ್ಜಿತು ಅಷ್ಟೆ. ಬಲಗಡೆಯದರಲ್ಲಿ ಸ್ಪ್ಲಿಟ್ ಪಿನ್ ತೆಗೆದು ನಟ್ ತಿರುಗಿಸಿದರೆ ನಟ್ ಜೊತೆ ಸ್ಟಡ್ಡೂ ಸುಮ್ಮನೆ ತಿರುಗುತ್ತದೆ.

ಹಳೆ ಸ್ಪ್ಯಾನರ್:
ಸ್ಟಡ್ಡಿಗೆ ಹೊಡೆಯಬೇಡಿ ಅಂತ ಮೊದಲೇ ಹೇಳಬೇಕಿತ್ತು, ತಪ್ಪು ನನ್ನದು.

ಆ ಸ್ಟಡ್ ನಟ್ಟಿನ ಕಡೆ ಕಿರಿದು, ಬಾಲಿನ ಕಡೆ ಅಗಲ, ಬಾಟಲಿಯ ಬಿರಡೆ ಇದ್ದ ಹಾಗೆ. ಟೇಪರ್ ಅನ್ನುತ್ತಾರೆ. ನಟ್ ಬಿಗಿದಾಗ ಅದು ಆರ್ಮಿನ ತೂತಿನೊಳಗೆ ಬೆಣೆಯ ಹಾಗೆ ಕೂರುತ್ತದೆ. ಹಿಡಿದಿಡುವುದು ಆ ಬೆಣೆ. ನಟ್ ಇರುವುದು ಅದು ಹೊರಗೆ ಬರದಿರಲಿ ಅಂತ.

ಬೆಣೆ ಬಿಡಿಸಲು ಆರ್ಮಿನ ಕಣ್ಣಿಗೆ ಪಕ್ಕದಿಂದ ಹೊಡೆಯಬೇಕು. ಒಂದು ಕಡೆ ಭಾರದ ಸುತ್ತಿಗೆಯನ್ನು ಒತ್ತಿ ಹಿಡಿಯಿರಿ, ಇನ್ನೊಂದು ಕಡೆಯಿಂದ ಇನ್ನೊಂದು ಸುತ್ತಿಗೆಯಲ್ಲಿ ಒಂದು ಒಳ್ಳೆ ಏಟು. ತೂತು ಒಂದು ಕ್ಷಣ ಮೊಟ್ಟೆಯಾಕಾರಕ್ಕೆ ಹಿಗ್ಗುತ್ತದೆ, ಬೆಣೆ ಟಪ್ ಅಂತ ಬಿಡುತ್ತದೆ. ಪಕ್ಕದಲ್ಲಿ ಯಾರಾದರೂ ರಾಡನ್ನು ಕೆಳಕ್ಕೆ ಎಳೆದು ಹಿಡಿದರೆ ಇನ್ನೂ ಬೇಗ. ನಟ್ ಪೂರ್ತಿ ತೆಗೆಯಬೇಡಿ, ಎರಡು ಥ್ರೆಡ್ ಮೇಲೆ ಬಿಟ್ಟಿರಿ. ಇಲ್ಲದಿದ್ದರೆ ರಾಡ್ ಹಾರಿ ಮೊಣಕಾಲಿಗೆ ಬೀಳುತ್ತದೆ.

ಹಿಂದಿನ ದಿನವೇ ತುಕ್ಕಿನ ಎಣ್ಣೆ ಬಿಟ್ಟಿರಿ. ಗ್ಯಾಸ್ ಹಚ್ಚಿ ಕಾಯಿಸುವುದು ಕೊನೆಯ ಉಪಾಯ. ಅದೂ ಹೊಸ ಜಾಯಿಂಟ್ ಹಾಕುವುದು ಗ್ಯಾರಂಟಿ ಇದ್ದಾಗ ಮಾತ್ರ, ಅದೂ ಆರ್ಮ್ ಕೆಂಪಗಾಗುವಷ್ಟು ಅಲ್ಲ.

ರಿಪ್ಪನ್‌ಪೇಟೆ ಅಡಿಕೆಯವಳು:
ಬಲಗಡೆ ಸ್ಟಡ್ ತಿರುಗುವುದಕ್ಕೆ ನಾನು ಮಾಡಿದ್ದು: ಜಾಯಿಂಟಿನ ತಳಕ್ಕೆ ಸಣ್ಣ ಜ್ಯಾಕ್ ಕೊಟ್ಟು ಮೇಲಕ್ಕೆ ಒತ್ತಿದೆ. ಬೆಣೆ ತೂತಿನೊಳಗೆ ಬಿಗಿಯಾಯಿತು, ನಟ್ ಬಿಚ್ಚಿಕೊಂಡಿತು. ಗಾಡಿಯೇ ಎದ್ದುಬಿಡುವಷ್ಟು ಒತ್ತಬೇಡಿ. ಅದಕ್ಕೂ ಬರದಿದ್ದರೆ ನಟ್ಟನ್ನು ಉಳಿಯಿಂದ ಸೀಳುವುದು. ಹೇಗೂ ಹೊಸ ಜಾಯಿಂಟಿನ ಜೊತೆ ಹೊಸ ನಟ್ ಬರುತ್ತದೆ.

ಕೋಣಂದೂರು ತೋಟ:
ಎರಡು ಸುತ್ತಿಗೆ, ಮೂರನೇ ಏಟಿಗೆ ಬಿತ್ತು. ನಂಬಲಿಕ್ಕೆ ಆಗಲಿಲ್ಲ, ಅರ್ಧ ದಿನ ಅದರ ಜೊತೆ ಗುದ್ದಾಡಿದ್ದೆ. ಬಲಗಡೆಯದು ಜ್ಯಾಕಿನಿಂದ ಆಯಿತು. ಅದರ ಸ್ಟಡ್ ತಲೆಕೆಳಗೆ ಹಿಡಿದರೆ ಬಾಲ್ ತನ್ನಷ್ಟಕ್ಕೆ ಕೆಳಗೆ ಜಾರಿ ಕೈಗೆ ಬಂತು. ಗೋಲಿ ಇದ್ದ ಹಾಗೆ ಇರಬೇಕಾದ್ದು ಹಲಸಿನ ಬೀಜದ ಹಾಗೆ ಆಗಿದೆ. ಇದರ ಮೇಲೆ ನಾನು ಬೆಟ್ಟ ಇಳಿಯುತ್ತಿದ್ದೆ.

ಮುಂದಿನ ಸಮಸ್ಯೆ ಪಾರ್ಟ್. ಈ ಮಾಡೆಲ್ ಈಗ ಬರುವುದಿಲ್ಲ. ತೀರ್ಥಹಳ್ಳಿಯಲ್ಲಿ ಒಂದು ಕಡೆಯದು ಮಾತ್ರ ಸಿಕ್ಕಿತು. ಇನ್ನೊಂದು ಕಡೆಗೆ ಓಮ್ನಿ ವ್ಯಾನಿನದು ಆಗಬಹುದು ಅಂತ ಒಬ್ಬರು, ಜೀಪಿನದು ಅಂತ ಇನ್ನೊಬ್ಬರು ಹೇಳಿದರು.

ಸಾಗರ ರಸ್ತೆ ಲೇತ್:
ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್ ಕಡೆ ಬಂದರೆ ಹಳೆ ಎಂಡನ್ನು (ರಾಡಿನ ತುದಿಯ ಜಾಯಿಂಟನ್ನು) ಕೈಯಲ್ಲೇ ಹಿಡಿದುಕೊಂಡು ಬನ್ನಿ, ಫೋಟೋ ಸಾಲದು. ಹೊಂದುತ್ತದೆ ಅಂತ ಹೇಳುವವರೆಲ್ಲಾ ಥ್ರೆಡ್ ಮಾತ್ರ ನೋಡಿರುತ್ತಾರೆ. ಮೂರು ವಿಷಯ ಹೊಂದಬೇಕು. ರಾಡಿನೊಳಗೆ ಹೋಗುವ ಥ್ರೆಡ್, ಸ್ಟಡ್ಡಿನ ಟೇಪರ್, ಸ್ಟಡ್ಡಿನ ಉದ್ದ.

ಥ್ರೆಡ್ ವಿಷಯ ಮೊದಲು. ಟೈ ರಾಡಿನ ಒಂದು ತುದಿ ಬಲ ಥ್ರೆಡ್, ಇನ್ನೊಂದು ಉಲ್ಟಾ ಥ್ರೆಡ್ ಇರುತ್ತದೆ. ಹಾಗಿರುವುದರಿಂದಲೇ ಎರಡೂ ಕಡೆ ಜೋಡಿಸಿಟ್ಟು ಮಧ್ಯದ ರಾಡ್ ತಿರುಗಿಸಿದರೆ ಉದ್ದ ಹೆಚ್ಚು ಕಡಿಮೆ ಆಗುತ್ತದೆ. ನಿಮಗೆ ಸಿಗದೆ ಇರುವುದು ಉಲ್ಟಾ ಥ್ರೆಡ್ಡಿನದೇ ಇರಬೇಕು, ಅಲ್ವಾ? ಬಹಳ ಜನಕ್ಕೆ ಇದೇ ಗೋಳು. ಬಲ ಥ್ರೆಡ್ಡಿನದನ್ನೇ ಎರಡೂ ಕಡೆ ಹಾಕಲು ಕೆಲವರು ರಾಡನ್ನು ಕೊರೆದು ಹೊಸ ಥ್ರೆಡ್ ಎಳೆಯುತ್ತಾರೆ. ಆಮೇಲೆ ಅಲೈನ್‌ಮೆಂಟ್ ಬೇಕಾದಾಗಲೆಲ್ಲಾ ಒಂದು ತುದಿ ಬಿಚ್ಚಿ ತಿರುಗಿಸಬೇಕು. ಅದಕ್ಕಿಂತ ಕೆಟ್ಟದ್ದು, ಎಂಡ್ ಕದಲದಂತೆ ಹಿಡಿಯುವ ಚೆಕ್ ನಟ್ ಸಡಿಲವಾದರೆ ರಾಡ್ ತಾನೇ ತಿರುಗಿ ಬಿಚ್ಚಿಕೊಳ್ಳಲೂಬಹುದು. ಉಲ್ಟಾ ಥ್ರೆಡ್ ಎಳೆಯುವ ಟ್ಯಾಪ್ ನನ್ನ ಹತ್ತಿರ ಇದೆ, 14 ಮಿಮೀ, 1.5 ಪಿಚ್. ದೊಡ್ಡ ಲೇತುಗಳಲ್ಲೂ ಕೇಳಿ ನೋಡಿ.

ಈಗ ಟೇಪರ್. ಎಲ್ಲಾ ಕಂಪನಿಯದೂ ಒಂದೇ ಇರಲ್ಲ. ವ್ಯಾನಿನ ಸ್ಟಡ್ ಟ್ರ್ಯಾಕ್ಟರ್ ಆರ್ಮಿನೊಳಗೆ ಕೂತ ಹಾಗೆ ಕಾಣುತ್ತದೆ, ಆದರೆ ಮೇಲಿನ ಅಂಚಿನಲ್ಲಿ ಮಾತ್ರ ತಾಗಿರುತ್ತದೆ. ನಟ್ ಬಿಗಿದರೂ ಕೆಲಸ ಮಾಡುತ್ತಾ ಮಾಡುತ್ತಾ ತೂತನ್ನು ತಿನ್ನುತ್ತದೆ. ಪರೀಕ್ಷೆ ಸುಲಭ. ಸ್ಟಡ್ಡಿನ ಮೇಲೆ ಮಾರ್ಕರ್ ಪೆನ್ನಲ್ಲಿ ಉದ್ದಕ್ಕೆ ನಾಲ್ಕು ಗೆರೆ ಎಳೆಯಿರಿ. ತೂತಿಗೆ ಹಾಕಿ, ಒತ್ತಿ, ಸ್ವಲ್ಪ ತಿರುಗಿಸಿ ತೆಗೆಯಿರಿ. ಗೆರೆ ಮೇಲಿನಿಂದ ಕೆಳಗಿನ ತನಕ ಅಳಿಸಿದ್ದರೆ ಟೇಪರ್ ಹೊಂದಿದೆ. ಒಂದೇ ಕಡೆ ಅಳಿಸಿದ್ದರೆ ಬೇಡ.

ನಿಮ್ಮ ಆರ್ಮಿನ ತೂತನ್ನೂ ನೋಡಿ. ಮೊಟ್ಟೆಯಾಕಾರ ಆಗಿದ್ದರೆ ಹೊಸ ಎಂಡ್ ಹಾಕಿಯೂ ವ್ಯರ್ಥ. ಟೇಪರ್ ರೀಮರ್ ಹಾಕಿ ಸ್ವಲ್ಪ ಸರಿ ಮಾಡಬಹುದು, ಜಾಸ್ತಿ ಹೋಗಿದ್ದರೆ ದೊಡ್ಡದಾಗಿ ಕೊರೆದು ಬುಷ್ ಕೂರಿಸಿ ಬುಷ್ಷಿನೊಳಗೆ ಟೇಪರ್ ಕೊಡಬೇಕು.

ಹೊಸನಗರ ಘಟ್ಟ:
ಇಂಡಸ್ಟ್ರಿಯಲ್ ಅಂಗಡಿಯಲ್ಲಿ ಸಿಗುವ ರಾಡ್ ಎಂಡ್ ಬೇರಿಂಗ್ ಹಾಕಿದರೆ ಆಗಲ್ವಾ? ಕಣ್ಣು ಇರುವುದು, ನಡುವೆ ಬೋಲ್ಟ್ ಹಾಕುವುದು. ಉಲ್ಟಾ ಥ್ರೆಡ್ಡಿನಲ್ಲೂ ಸಿಗುತ್ತದೆ. ಅಮೆರಿಕದ ಕಡೆ ಹುಲ್ಲು ಕತ್ತರಿಸುವ ಸಣ್ಣ ಟ್ರ್ಯಾಕ್ಟರುಗಳಿಗೆ ಅದನ್ನೇ ಹಾಕುವುದನ್ನು ವಿಡಿಯೋದಲ್ಲಿ ನೋಡಿದೆ.

ಸಾಗರ ರಸ್ತೆ ಲೇತ್:
ಹುಲ್ಲು ಕತ್ತರಿಸುವ ಗಾಡಿ ಒಣ ನೆಲದಲ್ಲಿ ಓಡುತ್ತದೆ. ಆ ಬೇರಿಂಗಿಗೆ ಬೂಟೇ ಇರಲ್ಲ. ಗದ್ದೆ ಕೆಸರಿಗೆ ಇಳಿಸಿದರೆ ಒಂದು ತಿಂಗಳಿಗೆ ಮಣ್ಣು ಅರೆದು ಇಡುತ್ತದೆ. ರಬ್ಬರ್ ಕವರ್ ಹಾಕಿಕೊಳ್ಳಬಹುದು. ಆದರೆ ಟೇಪರ್ ತೂತಿಗೆ ನೇರ ಬೋಲ್ಟ್ ಹಾಕಿದರೆ ಅದು ಒಳಗೆ ಅಲ್ಲಾಡುತ್ತದೆ, ಅದಕ್ಕೆ ಬುಷ್ ಮಾಡಲೇಬೇಕು. ಬೋಲ್ಟೂ ಒಂದೇ ಕಡೆ ಹಿಡಿತದಲ್ಲಿ ನಿಂತಿರುತ್ತದೆ. ಹಗುರ ಗಾಡಿಗೆ ಸರಿ. ಟ್ರೈಲರ್ ಎಳೆಯುವ ಟ್ರ್ಯಾಕ್ಟರಿಗೆ ನಾನು ಮಾಡಿಕೊಡುವುದಿಲ್ಲ.

ಭದ್ರಾವತಿ ಕಬ್ಬಿಣ:
ರಾಡ್ ಬಗ್ಗಿದೆಯಾ ಅಂತ ನೋಡಿದಿರಾ? ಕಪ್ಪಿಗೆ ಇಳಿದಾಗ ಕಲ್ಲಿಗೆ ತಾಗಿರಬಹುದು. ಬಗ್ಗಿದ್ದರೆ ಬೆಂಕಿಗೆ ಹಿಡಿದು ನೆಟ್ಟಗೆ ಮಾಡಬೇಡಿ. ಸ್ವಲ್ಪ ಬಾಗಿದ್ದನ್ನು ತಣ್ಣಗಿರುವಾಗಲೇ ಪ್ರೆಸ್‌ನಲ್ಲಿ ಒತ್ತಬಹುದು. ಜಾಸ್ತಿಯಾದರೆ ಇಎನ್ 8 ಸರಳಿನಿಂದ ಹೊಸದು. ನೀರಿನ ಪೈಪಿನಿಂದ ಟೈ ರಾಡ್ ಮಾಡಿದವರನ್ನೂ ನೋಡಿದ್ದೇನೆ.

ಹುಂಚದ ಕಡೆಯವ:
ಅದು ನಾನಲ್ಲ.

ಕೋಣಂದೂರು ತೋಟ:
ರಾಡ್ ನೆಟ್ಟಗಿದೆ, ಅಂಗಳದ ಕಲ್ಲು ಚಪ್ಪಡಿ ಮೇಲೆ ಉರುಳಿಸಿ ನೋಡಿದೆ. ನಿನ್ನೆ ಬಸ್ಸಿಗೆ ಶಿವಮೊಗ್ಗಕ್ಕೆ ಹೋಗಿ ಬಂದೆ. ಮೂರು ಅಂಗಡಿ ಸುತ್ತಿದ ಮೇಲೆ ಉಲ್ಟಾ ಥ್ರೆಡ್ಡಿನದು ಸಿಕ್ಕಿತು, ನಿಪ್ಪಲ್ ಇರುವುದೇ. ಮಾರ್ಕರ್ ಪರೀಕ್ಷೆ ಅಂಗಡಿ ಕಟ್ಟೆಯ ಮೇಲೆ ಕೂತೇ ಮಾಡಿದೆ. ಆರ್ಮ್ ಬಿಚ್ಚಿ ಚೀಲದಲ್ಲಿ ತಗೊಂಡು ಹೋಗಿದ್ದೆ. ಅಂಗಡಿಯವರಿಗೆ ನಗು. ಮೊದಲು ಕೊಟ್ಟ ಎಂಡ್ ಮೇಲಿನ ಅಂಚಿನಲ್ಲಿ ಮಾತ್ರ ತಾಗಿತು, ಲೇತಿನವರು ಹೇಳಿದ ಹಾಗೇ. ಎರಡನೆಯದು ಪೂರ್ತಿ ಹೊಂದಿತು.

ಈಗ ಜೋಡಿಸುವಾಗ ಎಷ್ಟು ಸುತ್ತು ಒಳಗೆ ಹಾಕಬೇಕು? ಹಳೆಯದನ್ನು ಬಿಚ್ಚುವಾಗ ಎಣಿಸಲು ಮರೆತೆ.

ಹಳೆ ಸ್ಪ್ಯಾನರ್:
ಎಣಿಸದಿದ್ದರೆ ಏನೂ ಮುಳುಗಲಿಲ್ಲ. ಎರಡೂ ಕಡೆ ಸಮ ಸುತ್ತು ಹಾಕಿ, ಥ್ರೆಡ್ಡಿನ ದಪ್ಪದ ಒಂದೂವರೆ ಪಾಲಾದರೂ ರಾಡಿನೊಳಗೆ ಇರಲಿ. 14 ಮಿಮೀ ಥ್ರೆಡ್ ಆದರೆ 21 ಮಿಮೀಗಿಂತ ಕಡಿಮೆ ಬೇಡ. ಥ್ರೆಡ್ಡಿಗೆ ಸ್ವಲ್ಪ ಗ್ರೀಸು ಹಚ್ಚಿ. ಟೇಪರಿಗೆ ಮಾತ್ರ ಹಚ್ಚಬೇಡಿ, ಒರೆಸಿ ಒಣಗಿಸಿ ಹಾಕಿ.

ತಲೆಯಲ್ಲಿ ಪಿನ್ನಿಗೆ ಸೀಳು ಇರುವ ಕ್ಯಾಸಲ್ ನಟ್ ಬಿಗಿದ ಮೇಲೆ ಪಿನ್ನಿನ ತೂತು ಸರಿಯಾಗಿ ಬರದಿದ್ದರೆ ಇನ್ನೂ ಸ್ವಲ್ಪ ಬಿಗಿ ಮಾಡಿ ತೂತಿಗೆ ತನ್ನಿ. ಹಿಂದಕ್ಕೆ ಸಡಿಲಿಸಿ ತರಬೇಡಿ. ಸ್ಪ್ಲಿಟ್ ಪಿನ್ ಹೊಸದು. ತಂತಿ, ಮೊಳೆ, ಹೇರ್‌ಪಿನ್ ಎಲ್ಲಾ ನಾನು ಬಿಚ್ಚಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಆಮೇಲೆ ಟೋ ಇನ್. ಮುಂದಿನ ಎರಡು ಚಕ್ರ ಮೇಲಿನಿಂದ ನೋಡಿದರೆ ಮುಂದುಗಡೆ ಕೂದಲಷ್ಟು ಹತ್ತಿರ ಇರಬೇಕು. ಹಿಂದಿನ ಚಕ್ರ ತಳ್ಳುವಾಗ ಮುಂದಿನವು ಹೊರಗೆ ತೆರೆದುಕೊಳ್ಳಲು ನೋಡುತ್ತವೆ, ಆ ಲೆಕ್ಕಕ್ಕೆ. ನಿಮ್ಮ ಗಾಡಿಯ ಪುಸ್ತಕ ಇದ್ದರೆ ಅದರಲ್ಲಿರುವುದೇ ಅಳತೆ. ಇಲ್ಲದಿದ್ದರೆ ಈ ಸೈಜಿನ ಗಾಡಿಗೆ 2ರಿಂದ 8 ಮಿಮೀ ಒಳಗೆ ಇಡಿ, ನಾನು 5 ಇಡುತ್ತೇನೆ.

ಅಳೆಯುವುದು ಹೀಗೆ. ಸ್ಟೀರಿಂಗ್ ನೇರ ಮಾಡಿ. ಎರಡೂ ಟೈರಿನ ಮುಂಭಾಗ, ಆಕ್ಸಲ್ ಎತ್ತರಕ್ಕೆ, ಮಧ್ಯದ ಪಟ್ಟಿಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ. ನಡುವಿನ ಅಂತರ ಬರೆದುಕೊಳ್ಳಿ. ಗಾಡಿಯನ್ನು ತಳ್ಳಿ, ಅದೇ ಗುರುತು ಹಿಂಭಾಗಕ್ಕೆ ಬರುವಂತೆ ಅರ್ಧ ಸುತ್ತು ಉರುಳಿಸಿ. ಮತ್ತೆ ಅಳೆಯಿರಿ. ಮುಂದಿನ ಅಳತೆ ಹಿಂದಿನದಕ್ಕಿಂತ 5 ಮಿಮೀ ಕಡಿಮೆ ಬರಬೇಕು. ಅದೇ ಗುರುತಿನಲ್ಲಿ ಅಳೆಯುವುದು ಯಾಕೆ ಅಂದರೆ ರಿಮ್ ಸೊಟ್ಟ ಇದ್ದರೂ ಲೆಕ್ಕ ತಪ್ಪುವುದಿಲ್ಲ.

ಹೊಸನಗರ ಘಟ್ಟ:
ಟೇಪ್ ಮಧ್ಯೆ ಜೋತು ಬೀಳುತ್ತದೆ. ನಾನು ಅಡಿಕೆ ದಬ್ಬೆಯೊಂದನ್ನು ನೆಟ್ಟಗೆ ಕೆತ್ತಿ, ಒಂದು ತುದಿಗೆ ಮೊಳೆ ಹೊಡೆದು, ಇನ್ನೊಂದು ತುದಿಯಲ್ಲಿ ಪೆನ್ಸಿಲ್ ಗುರುತು ಹಾಕಿ ಅಳೆಯುತ್ತೇನೆ. ಎರಡು ಗುರುತಿನ ನಡುವಿನ ವ್ಯತ್ಯಾಸವೇ ಟೋ ಇನ್. ಟೇಪೇ ಬೇಡ.

ಹಳೆ ಸ್ಪ್ಯಾನರ್:
ಇದು ನನಗೆ ಹೊಳೆದಿರಲಿಲ್ಲ!

ಶಾಲೆ ಮೇಷ್ಟ್ರು, ಆನಂದಪುರ:
ಒಂದು ಸಣ್ಣ ಮಾತು ಸೇರಿಸಲೇ? ತಿರುವಿನಲ್ಲಿ ಒಳಗಿನ ಚಕ್ರ ಹೊರಗಿನದಕ್ಕಿಂತ ಜಾಸ್ತಿ ತಿರುಗಬೇಕು, ಒಳಗಿನದು ಸಣ್ಣ ಸುತ್ತು ಹಾಕುತ್ತದಲ್ಲ. ಆರ್ಮುಗಳನ್ನು ಸ್ವಲ್ಪ ಓರೆಯಾಗಿ ಇಟ್ಟು ಟೈ ರಾಡಿನಿಂದ ಜೋಡಿಸಿದರೆ ಅದು ತಾನಾಗೇ ಆಗುತ್ತದೆ. ಇದಕ್ಕೆ ಆಕರ್‌ಮನ್ ಸ್ಟೀರಿಂಗ್ ಅಂತ ಹೆಸರು. ಅದನ್ನು ಕಂಡುಹಿಡಿದದ್ದು ಮ್ಯೂನಿಕ್‌ನ ಲಾಂಕೆನ್‌ಸ್ಪರ್ಗರ್ ಅನ್ನುವ ಗಾಡಿ ಮಾಡುವವರು. 1818ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ತೆಗೆದ ಏಜೆಂಟ್ ಆಕರ್‌ಮನ್ ಹೆಸರು ನಿಂತಿತು. ಆಗ ಅದು ಕುದುರೆ ಗಾಡಿಗೆ. ಆರ್ಮ್ ಬಗ್ಗಿದ್ದರೆ ಟೋ ಇನ್ ಎಷ್ಟೇ ಸರಿ ಮಾಡಿದರೂ ತಿರುವಿನಲ್ಲಿ ಟೈರು ಉಜ್ಜುವುದು ಇದಕ್ಕೇ.

ಹುಂಚದ ಕಡೆಯವ:
ಮೇಷ್ಟ್ರೇ, ಕೆಲಸ ಮಾಡಿದವನು ಒಬ್ಬ, ಹೆಸರು ಏಜೆಂಟಿಗೆ. ಅಡಿಕೆ ಮಂಡಿಯಲ್ಲೂ ಇದೇ ಕಥೆ.

ಕೋಣಂದೂರು ತೋಟ:
ಮುಗಿಯಿತು. ಟೈ ರಾಡಿನ ಎರಡು, ಡ್ರ್ಯಾಗ್ ಲಿಂಕಿನ ಮುಂದಿನದು ಒಂದು, ಒಟ್ಟು ಮೂರು ಹೊಸ ಎಂಡ್. ದಬ್ಬೆಯಲ್ಲೇ ಅಳೆದೆ. ಮೊದಲ ಸಲ ನೋಡಿದಾಗ ಚಕ್ರ 11 ಮಿಮೀ ಹೊರಕ್ಕೆ ತೆರೆದಿತ್ತು, ರಾಡ್ ತಿರುಗಿಸಿ 5 ಒಳಕ್ಕೆ ತಂದೆ. ಮೊದಲು ರಾಡನ್ನು ತಪ್ಪು ಕಡೆ ತಿರುಗಿಸಿ ಇನ್ನೂ ಜಾಸ್ತಿ ಮಾಡಿಕೊಂಡಿದ್ದೆ. ಟೈ ರಾಡ್ ಆಕ್ಸಲ್ ಹಿಂದೆ ಇದ್ದರೆ ಉದ್ದ ಮಾಡಿದಾಗ ಟೋ ಇನ್ ಬರುತ್ತದೆ, ಮುಂದೆ ಇದ್ದರೆ ಉಲ್ಟಾ. ನನ್ನದು ಹಿಂದೆ ಇದೆ. ಇದು ತಲೆಗೆ ಹೋಗಲು ಒಂದು ಲೋಟ ಕಾಫಿ ಬೇಕಾಯಿತು.

ರಿಮ್ ಹತ್ತಿರದ ಪ್ಲೇ ಈಗ ಒಂದೂವರೆ ಅಂಗುಲ. ಅಂದರೆ 5ರಲ್ಲಿ 2 ಅಂಗುಲ ಬರೀ ಆ ಒಂದು ನಟ್ಟಿನದು. ಎಂಡುಗಳನ್ನು ಮಾತ್ರ ಬದಲಾಯಿಸಿದ್ದರೆ ಇನ್ನೂ ಮೂರೂವರೆ ಉಳಿದು, ಹೊಸ ಪಾರ್ಟ್ ಸರಿ ಇಲ್ಲ ಅಂತ ಅಂಗಡಿಯವರನ್ನು ಬೈಯುತ್ತಿದ್ದೆ.

ಗೊಬ್ಬರ ಆರು ಟ್ರಿಪ್ ಆಯಿತು. ಅದೇ ಸಂಕದ ಹತ್ತಿರ ಇಳಿಯುವಾಗ ಒಂದನೇ ಗೇರಿನಲ್ಲಿ ಉಸಿರು ಬಿಗಿ ಹಿಡಿದಿದ್ದೆ. ಗಾಡಿ ಹೇಳಿದ ಕಡೆ ಹೋಯಿತು.

ಹಳೆ ಸ್ಪ್ಯಾನರ್:
ಹತ್ತು ಗಂಟೆ ಓಡಿದ ಮೇಲೆ ಎಲ್ಲಾ ಚೆಕ್ ನಟ್, ಡ್ರಾಪ್ ಆರ್ಮ್ ನಟ್ ಇನ್ನೊಮ್ಮೆ ನೋಡಿ. ಹೊಸ ಟೇಪರ್ ಸ್ವಲ್ಪ ಇಳಿದು ಕೂರುತ್ತದೆ. ಡ್ರಾಪ್ ಆರ್ಮ್ ನಟ್ ಮತ್ತೆ ತಿರುಗಿದರೆ ಹಲ್ಲು ಹೋಗಿದೆ ಅಂತ ಅರ್ಥ, ಆಗ ಆರ್ಮ್ ಬದಲಾಯಿಸಬೇಕು.

ರಿಪ್ಪನ್‌ಪೇಟೆ ಅಡಿಕೆಯವಳು:
ಹಳೆ ಬಾಲನ್ನು ಎಸೆಯಬೇಡಿ, ಮಗನಿಗೆ ತೋರಿಸಿ ಇಡಿ. ಮುಂದೆ ಗ್ರೀಸ್ ಗನ್ ಹಿಡಿಯುವುದು ಅವನೇ.

ಕೋಣಂದೂರು ತೋಟ:
ಅವನು ಆಗಲೇ ಅದನ್ನು ಕವಣೆಗೆ ಹಾಕಿ ಮಂಗ ಓಡಿಸಲು ಹೋಗಿದ್ದಾನೆ. ನಟ್ ನಾಳಿದ್ದು ನೋಡಿ ಹೇಳುತ್ತೇನೆ.

ಕೋಣಂದೂರು ತೋಟ:
ನೋಡಿದೆ. ಒಂದು ಚೆಕ್ ನಟ್ ಕಾಲು ಸುತ್ತು ಬಂತು. ಡ್ರಾಪ್ ಆರ್ಮ್ ನಟ್ ಅಲ್ಲಾಡಲಿಲ್ಲ.